ಮಾರ್ನ್ ನದಿಯ ತೆಳು ಸೇತುವೆಗಳು

ಪ್ಯಾರಿಸಿನ ಪೂರ್ವ ನಿಲ್ದಾಣದಿಂದ ಹೊರಡುವ ರೈಲುಬಂಡಿ ಮಹಾನಗರದ ಹೊರವಲಯದ ಮನೆಗಳ ಸಾಲನ್ನು ಹಿಂದೆ ಹಾಕಿದ ಮೇಲೆ ಮಾರ್ನ್ ನದಿಯ ಜೊತೆಗೂಡುತ್ತದೆ. ಅಲ್ಲಿಂದಾಚೆಗೆ ನದಿಯೂ ರೈಲೂ ಕಣ್ಣುಮುಚ್ಚಾಲೆಯಾಡುತ್ತ ಸಾಗುತ್ತವೆ. ಒಮ್ಮೆ ನೀರು ಎಡಗಡೆಯಲ್ಲಿ ಕಾಣಿಸಿಕೊಂಡರೆ ಇನ್ನೊಮ್ಮೆ ಬಲಗಡೆಯಲ್ಲಿ. ನಡುವೆ ಗೋಧಿಯ ಹೊಲಗಳು, ಪಾಪ್ಲರ್ ಮರಗಳ ಸಾಲು, ಇಗರ್ಜಿಯ ಗೋಪುರವೊಂದರ ಸುತ್ತ ಮುದುರಿಕೊಂಡ ಹಳ್ಳಿಗಳು. ಬ್ರೀ ಎಂಬ ಗಿಣ್ಣಿಗೆ ಹೆಸರಾದ ಮೋ ಪಟ್ಟಣ ಈ ಹಾದಿಯಲ್ಲಿಯೇ ಇದೆ. ಅದನ್ನು ದಾಟಿ ಇನ್ನೂ ಮುಂದೆ ಹೋದರೆ ಲಾ ಫೆರ್ತೆ ಎಂಬ ಪೇಟೆ, ಅದರಾಚೆಗೆ ನದಿಯ ಬಳುಕಿನಲ್ಲಿ ಲುಜಾನ್ಸಿ ಎಂಬ ಸಣ್ಣ ಹಳ್ಳಿ. ಹತ್ತೊಂಬತ್ತನೆಯ ಶತಮಾನದಲ್ಲಿ ಕೊರೋ ಎಂಬ ಪ್ರಸಿದ್ಧ ಚಿತ್ರಕಾರ ಇಲ್ಲಿಗೆ ಬಂದು ತಂಗಿ, ಇಲ್ಲಿಯ ದಾರಿಗಳನ್ನೂ ಮರಗಳನ್ನೂ ಚಿತ್ರಿಸಿದ್ದುಂಟು. ಅದನ್ನು ಬಿಟ್ಟರೆ ಈ ಹಳ್ಳಿಗೆ ಪ್ರವಾಸಿಗಳನ್ನು ಕರೆತರುವಂಥ ಅರಮನೆಯ ವೈಭವವಾಗಲಿ ಯಾತ್ರಾಸ್ಥಳದ ಮಹಿಮೆಯಾಗಲಿ ಇಲ್ಲ. ಇರುವುದೆಲ್ಲ ಒಂದು ಸೇತುವೆ.

ಆ ಸೇತುವೆಯೂ ಮೊದಲ ನೋಟಕ್ಕೆ ಯಾರನ್ನೂ ತಡೆದು ನಿಲ್ಲಿಸುವುದಿಲ್ಲ. ನದಿಯ ಈ ದಂಡೆಯಿಂದ ಆ ದಂಡೆಗೆ ಎಳೆದ ಒಂದು ಬಿಳಿಯ ಗೆರೆಯಂತೆ ಅದು ಕಾಣುತ್ತದೆ. ಮೇಲೆ ಕಟ್ಟಿದ ಕಮಾನಿಲ್ಲ, ಗೋಪುರವಿಲ್ಲ, ಸರಪಳಿಯಿಲ್ಲ. ನೀರಿನ ನಡುವೆ ಒಂದು ಕಂಬವೂ ಇಲ್ಲ. ಎರಡನೆಯ ಸಲ ನೋಡಿದವನಿಗೆ ಮಾತ್ರ ಸೋಜಿಗ ಪ್ರಾರಂಭವಾಗುತ್ತದೆ. ದಂಡೆಯಿಂದ ದಂಡೆಗೆ 55 ಮೀಟರು ದೂರ. ಸೇತುವೆಯ ನಡುಭಾಗದ ದಪ್ಪವಾದರೋ ಸುಮಾರು ಒಂದೂಕಾಲು ಮೀಟರು ಮಾತ್ರ. ಉಕ್ಕಿನ ಸೇತುವೆಯಾಗಿದ್ದರೆ ಇದರಲ್ಲಿ ಆಶ್ಚರ್ಯವೇನೂ ಇರುತ್ತಿರಲಿಲ್ಲ. ಆದರೆ ಇದು ಕಾಂಕ್ರೀಟು. ಕಾಂಕ್ರೀಟು ಇಷ್ಟು ತೆಳ್ಳಗೆ, ಇಷ್ಟು ದೂರ, ನಡುವೆ ಆಸರೆಯಿಲ್ಲದೆ ಚಾಚಿಕೊಂಡು ನಿಲ್ಲಬಲ್ಲುದೆಂದು 1946ಕ್ಕೆ ಮುಂಚೆ ಹೇಳಿದ್ದರೆ ಬಹುಮಂದಿ ಎಂಜಿನಿಯರುಗಳು ನಕ್ಕುಬಿಡುತ್ತಿದ್ದರು. ಹಾಗೆ ನಕ್ಕವರ ನಡುವೆ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಒಂದೇ ಹಟ ಹಿಡಿದು ಬಾಳಿದ ಒಬ್ಬ ಮನುಷ್ಯನ ಕಥೆ ಈ ಬಿಳಿಯ ಗೆರೆಯ ಹಿಂದೆ ಇದೆ.

ಕಥೆಗೆ ಮುಂಚೆ ಕಾಂಕ್ರೀಟಿನ ಸ್ವಭಾವವನ್ನು ಸ್ವಲ್ಪ ತಿಳಿಯಬೇಕು. ಒತ್ತುವ ಭಾರವನ್ನು ಅದು ಕಲ್ಲಿನ ಹಾಗೆ ತಡೆದುಕೊಳ್ಳುತ್ತದೆ. ಎಳೆತವನ್ನು ಮಾತ್ರ ತಡೆಯಲಾರದು. ಎರಡು ಗೋಡೆಗಳ ಮೇಲೆ ಮಲಗಿಸಿದ ತೊಲೆಯ ಮೇಲೆ ಭಾರ ಹೇರಿದರೆ ಅದರ ಮೇಲ್ಭಾಗ ಒತ್ತಿಕೊಳ್ಳುತ್ತದೆ, ಕೆಳಭಾಗ ಎಳೆದುಕೊಳ್ಳುತ್ತದೆ. ಬಿರುಕು ಮೊದಲು ಕಾಣುವುದು ಆ ಕೆಳಭಾಗದಲ್ಲಿ. ಅದಕ್ಕಾಗಿ ಅಲ್ಲಿ ಕಬ್ಬಿಣದ ಸರಳುಗಳನ್ನು ಹುದುಗಿಸುವ ಪದ್ಧತಿ ಬಂದಿತು. ಮನೆಯ ತಾರಸಿ ಹಾಕಿಸಿದವರೆಲ್ಲರೂ ಅದನ್ನು ಕಂಡಿದ್ದಾರೆ. ಆದರೆ ಆ ಸರಳು ಸೋಮಾರಿ ಕಾವಲುಗಾರನಿದ್ದಂತೆ. ಕಳ್ಳ ಒಳಗೆ ನುಗ್ಗಿದ ಮೇಲೆ ಎಚ್ಚರವಾಗುತ್ತದೆ. ಕಾಂಕ್ರೀಟು ಕೂದಲೆಳೆಯಷ್ಟು ಬಿರಿದ ಮೇಲೆಯೇ ಅದರ ನಿಜವಾದ ದುಡಿಮೆ ಆರಂಭ. ಬಿರಿಯುವ ಮುಂಚೆಯೇ ಸರಳನ್ನು ಜಗ್ಗಿ ಎಳೆದು, ಆ ಎಳೆತದ ಬಲದಿಂದ ಕಾಂಕ್ರೀಟನ್ನು ಎರಡೂ ತುದಿಗಳಿಂದ ಹಿಂಡಿ ಹಿಡಿದಿಟ್ಟರೆ? ಆಗ ಮೇಲಿನ ಭಾರ ಮೊದಲು ಆ ಹಿಡಿತವನ್ನು ಸಡಿಲಿಸಬೇಕು. ಅದು ಪೂರ್ತಿ ಸಡಿಲುವವರೆಗೂ ಬಿರುಕಿನ ಮಾತೇ ಇಲ್ಲ. ಪ್ರಿಸ್ಟ್ರೆಸ್ಡ್ ಕಾಂಕ್ರೀಟು ಎಂದು ಇಂದು ಲೋಕವೆಲ್ಲ ಕರೆಯುವ ವಸ್ತುವಿನ ಮರ್ಮ ಇಷ್ಟೇ.

ಮರ್ಮ ಹಳೆಯದು. ಕನ್ನಡ ನಾಡಿನ ಹಳ್ಳಿಗಳಲ್ಲಿ ಬಂಡಿಯ ಗಾಲಿಗೆ ಪಟ್ಟಿ ಹಾಕುವ ಕಮ್ಮಾರನ ಕೆಲಸವನ್ನು ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕೆಂಪಗೆ ಕಾಯಿಸಿದ ಕಬ್ಬಿಣದ ಪಟ್ಟಿಯನ್ನು ಗಾಲಿಗೆ ತೊಡಿಸಿ ನೀರು ಹುಯ್ದರೆ, ಅದು ಕುಗ್ಗುತ್ತ ಕುಗ್ಗುತ್ತ ಬಿಡಿಬಿಡಿಯಾದ ಮರದ ತುಂಡುಗಳನ್ನೆಲ್ಲ ಒಂದಾಗಿ ಬಿಗಿಯುತ್ತದೆ. ಲುಜಾನ್ಸಿಯ ಪಕ್ಕದ ಲಾ ಫೆರ್ತೆಯಲ್ಲಿಯೂ ಇದೇ ವಿದ್ಯೆ ಇತ್ತೆಂಬುದು ಒಂದು ವಿನೋದದ ಸಂಗತಿ. ಆ ಪೇಟೆ ಒಂದು ಕಾಲದಲ್ಲಿ ಹಿಟ್ಟಿನ ಗಿರಣಿಗಳ ಬೀಸುವ ಕಲ್ಲಿಗೆ ದೇಶಾಂತರಗಳಲ್ಲಿ ಹೆಸರಾಗಿದ್ದಿತು. ಗಟ್ಟಿಕಲ್ಲಿನ ಹಲವು ತುಂಡುಗಳನ್ನು ಗಾರೆಯಿಂದ ಜೋಡಿಸಿ, ಸುತ್ತಲೂ ಕಬ್ಬಿಣದ ಬಳೆಯನ್ನು ಬಿಸಿಯಾಗಿ ತೊಡಿಸಿ, ಒಂದೇ ಕಲ್ಲೆಂಬಂತೆ ಮಾಡಿ ಇಲ್ಲಿಂದ ಸಾಗಿಸುತ್ತಿದ್ದರು. ತುಂಡು ತುಂಡು ಕಾಂಕ್ರೀಟನ್ನು ಜೋಡಿಸಿ ತಂತಿಯಿಂದ ಬಿಗಿದ ಸೇತುವೆ ಇದೇ ನೆರೆಯಲ್ಲಿ ಎದ್ದುದು ಕಾಕತಾಳೀಯವಿರಬೇಕು. ಆದರೂ ಸೊಗಸಾದ ಕಾಕತಾಳೀಯ.

ಮರ್ಮ ಇಷ್ಟು ಸರಳವಾಗಿದ್ದರೆ ಅದು ಮೊದಲೇ ಏಕೆ ಕೈಗೂಡಲಿಲ್ಲ? 1880ರ ದಶಕದಲ್ಲಿಯೇ ಅಮೆರಿಕದಲ್ಲಿ, ಜರ್ಮನಿಯಲ್ಲಿ ಕೆಲವರು ಸರಳನ್ನು ಎಳೆದು ಕಟ್ಟಿ ನೋಡಿದ್ದರು. ತೊಲೆ ಮೊದಲಿಗೆ ಚೆನ್ನಾಗಿಯೇ ಇರುತ್ತಿತ್ತು. ತಿಂಗಳುಗಳು ಕಳೆದ ಮೇಲೆ ನೋಡಿದರೆ ಬಿಗಿತವೆಲ್ಲ ಎಲ್ಲಿಗೋ ಮಾಯ! ಸರಳು ಜಾರಿರಲಿಲ್ಲ, ತುಂಡಾಗಿರಲಿಲ್ಲ. ಆದರೂ ಬಿಗಿತ ಇರಲಿಲ್ಲ. ಅದು ಎಲ್ಲಿಗೆ ಹೋಯಿತೆಂಬುದನ್ನು ತಿಳಿಯಲು ಮಾರ್ನ್ ನದಿಯನ್ನು ಬಿಟ್ಟು ಫ್ರಾನ್ಸ್ ದೇಶದ ನಡುಭಾಗಕ್ಕೆ, ಅಲಿಯೆ ಎಂಬ ಇನ್ನೊಂದು ನದಿಯ ತೀರಕ್ಕೆ ಹೋಗಬೇಕು.

ಅಲಿಯೆ ಮರಳಿನ ನದಿ. ಬೇಸಗೆಯಲ್ಲಿ ಸೊರಗಿ ಮರಳುದಿಬ್ಬಗಳ ನಡುವೆ ಹರಿದರೆ, ಮಳೆ ಬಂದಾಗ ಅಗಲವಾಗಿ ಉಕ್ಕುತ್ತದೆ. ಅದರ ದಂಡೆಯ ಮೂಲ್ಯಾಂ ಪಟ್ಟಣಕ್ಕೆ 1905ರಲ್ಲಿ ಸರ್ಕಾರದ ಎಂಜಿನಿಯರಾಗಿ ಬಂದವನು ಯೂಜೆನ್ ಫ್ರೇಸಿನೆ. 1879ರಲ್ಲಿ ಕೊರೇಜ್ ಪ್ರಾಂತದ ಒಬ್ಜಾ ಎಂಬಲ್ಲಿ ಹುಟ್ಟಿದವನು. ಪ್ಯಾರಿಸಿನ ದೊಡ್ಡ ವಿದ್ಯಾಲಯಗಳಲ್ಲಿ ಗಣಿತವನ್ನೂ ಸೇತುವೆಗಳ ಶಾಸ್ತ್ರವನ್ನೂ ಓದಿದ್ದರೂ ಅವನ ನೆಚ್ಚಿಕೆಯೆಲ್ಲ ಬಡಗಿ ಕಮ್ಮಾರರ ಕೈಕೆಲಸದ ಮೇಲೆ. ಸೂತ್ರ ಹೇಳುವುದಕ್ಕಿಂತ ಕಣ್ಣು ಕಂಡುದೇ ಹೆಚ್ಚು ನಿಜವೆಂದು ನಂಬಿದ ಮನುಷ್ಯ.

ಆ ಜಿಲ್ಲೆಯಲ್ಲಿ ಅಲಿಯೆ ನದಿಗೆ ಮೂರು ಸೇತುವೆಗಳು ಬೇಕಾಗಿದ್ದುವು. ಫ್ರೇಸಿನೆ ಎಳೆದ ನಕ್ಷೆಗಳನ್ನು ನೋಡಿದ ಮರ್ಸಿಯೆ ಎಂಬ ಕಂತ್ರಾಟುದಾರ, ಒಂದು ಕಲ್ಲಿನ ಸೇತುವೆಗೆ ಆಗುವ ಹಣದಲ್ಲಿ ಮೂರನ್ನೂ ಕಟ್ಟಿಕೊಡುವೆನೆಂದು ಮುಂದೆ ಬಂದ. ಅಷ್ಟೇ ಅಲ್ಲ, ನಕ್ಷೆ ಮಾಡಿದವನೇ ನಿಂತು ಕಟ್ಟಿಸಲಿ, ತಾನು ನಡುವೆ ಬಾಯಿ ಹಾಕುವುದಿಲ್ಲವೆಂದು ಸಂಪೂರ್ಣ ಸ್ವಾತಂತ್ರ್ಯ ಕೊಟ್ಟ. ಇಂಥ ಕಂತ್ರಾಟುದಾರರು ಎಲ್ಲ ದೇಶಗಳಲ್ಲಿಯೂ ಅಪರೂಪ.

ಮೂರರಲ್ಲಿ ಮೊದಲನೆಯದು ಲ ವೆರ್ದ್ರ್ ಎಂಬ ಹಳ್ಳಿಯ ಸೇತುವೆ. ಮೂರು ಕಮಾನುಗಳು, ನಡುವಿನದರ ಅಗಲ 72 ಮೀಟರಿಗೂ ತುಸು ಹೆಚ್ಚು. ಆ ಕಮಾನುಗಳು ಎಷ್ಟು ಚಪ್ಪಟೆಯಾಗಿದ್ದುವೆಂದರೆ ದೂರದಿಂದ ನೋಡಿದವರಿಗೆ ನೀರಿನ ಮೇಲೆ ಕಲ್ಲೆಸೆದಾಗ ಅದು ಜಿಗಿಜಿಗಿದು ಹೋದ ಹಾದಿಯ ನೆನಪಾಗುತ್ತಿತ್ತು. ಪ್ರತಿಯೊಂದು ಕಮಾನಿನ ನೆತ್ತಿಯಲ್ಲಿ ಒಂದು ಕೀಲು. ಕಟ್ಟಿ ಮುಗಿದ ಮೇಲೆ ಕೆಳಗಿನ ಮರದ ಸೆಂಟ್ರಿಂಗನ್ನು ಬಿಡಿಸುವುದಕ್ಕೆ ಫ್ರೇಸಿನೆ ಹೊಸದೊಂದು ಉಪಾಯ ಮಾಡಿದ್ದ. ಮರವನ್ನು ಕೆಳಗಿಳಿಸುವುದಕ್ಕೆ ಬದಲು, ನೆತ್ತಿಯ ಬಿರುಕಿನಲ್ಲಿ ಜ್ಯಾಕುಗಳನ್ನಿಟ್ಟು ಕಮಾನಿನ ಎರಡು ಅರ್ಧಗಳನ್ನು ಅತ್ತಿತ್ತ ತಳ್ಳಿ, ಕಮಾನನ್ನೇ ಮರದಿಂದ ಮೇಲಕ್ಕೆತ್ತಿದ! ಸರ್ಕಾರದ ಪರೀಕ್ಷೆಗಳು ಮುಗಿದುವು, ಭಾರವಾದ ಬಂಡಿಗಳು ಸಾಗಿಹೋದುವು, ಸೇತುವೆ ಮಿಸುಕಲಿಲ್ಲ. ಹಳ್ಳಿಯ ಜನ ಸಂತೋಷಪಟ್ಟರು.

ಕೆಲವು ತಿಂಗಳುಗಳು ಕಳೆದುವು. 1911ರಲ್ಲಿ ಸೇತುವೆಯ ಮೇಲೆ ನಡೆದಾಗ ಫ್ರೇಸಿನೆಯ ಕಣ್ಣಿಗೆ ಏನೋ ಸರಿಯಿಲ್ಲವೆನಿಸಿತು. ಕೈಪಿಡಿಗೋಡೆಯ ಗೆರೆ ಮೊದಲಿನಂತಿಲ್ಲ. ಅಳೆದು ನೋಡಿದರೆ ಕಮಾನಿನ ನೆತ್ತಿ ಇಳಿಯುತ್ತಿದೆ. ಮತ್ತೆ ಅಳೆದ, ಮತ್ತೂ ಇಳಿದಿದೆ. ಮೇಲೆ ಹೊಸ ಭಾರವೇನೂ ಬಿದ್ದಿಲ್ಲ, ಅಡಿಪಾಯ ಕದಲಿಲ್ಲ. ಆದರೂ ಕಾಂಕ್ರೀಟು ತನ್ನಷ್ಟಕ್ಕೆ ತಾನೇ ಮೆಲ್ಲಮೆಲ್ಲನೆ ಕುಗ್ಗುತ್ತಿದೆ. ನೆತ್ತಿಯ ಇಳಿತ ಕೊನೆಗೆ ಸುಮಾರು 13 ಸೆಂಟಿಮೀಟರಿಗೆ ಮುಟ್ಟಿತು. ಎತ್ತರವಾದ ಕಮಾನಿಗೆ ಅದು ಲೆಕ್ಕವಲ್ಲದಿರಬಹುದು. ಚಪ್ಪಟೆಯಾದ ಕಮಾನಿನಲ್ಲಿ ಹಾಗಲ್ಲ. ಅದು ಇಳಿದಷ್ಟೂ ಇನ್ನಷ್ಟು ಚಪ್ಪಟೆಯಾಗುತ್ತದೆ, ಚಪ್ಪಟೆಯಾದಷ್ಟೂ ಅದರೊಳಗಿನ ಒತ್ತಡ ಏರುತ್ತದೆ, ಒತ್ತಡ ಏರಿದಷ್ಟೂ ಇನ್ನೂ ಇಳಿಯುತ್ತದೆ. ಕೊನೆಗೊಂದು ದಿನ ನದಿಯ ಪಾಲು. ಕಾಂಕ್ರೀಟು ಭಾರಕ್ಕೆ ಒಮ್ಮೆ ಬಾಗಿದರೆ ಅಷ್ಟೇ, ಆಮೇಲೆ ಸ್ಥಿರವೆಂದು ಅಂದಿನ ಸರ್ಕಾರಿ ನಿಯಮಗಳು ಬರೆದಿದ್ದುವು. ನಿಯಮ ಹೇಳಿದುದು ಒಂದು. ಸೇತುವೆ ಮಾಡುತ್ತಿದ್ದುದು ಇನ್ನೊಂದು.

ಆ ರಾತ್ರಿ ಮೂಲ್ಯಾಂ ಪಟ್ಟಣಕ್ಕೆ ಹಿಂತಿರುಗಿದ ಫ್ರೇಸಿನೆ ಯಾರಿಗೂ ಹೇಳಲಿಲ್ಲ. ಮೇಲಧಿಕಾರಿಗಳಿಗೆ ಕಾಗದ ಬರೆದು ಅಪ್ಪಣೆಗಾಗಿ ಕಾಯಲೂ ಇಲ್ಲ. ಬೈಸಿಕಲ್ಲನ್ನೇರಿ ಕತ್ತಲೆಯಲ್ಲಿ ಲ ವೆರ್ದ್ರ್‌ವರೆಗೆ ತುಳಿದ. ನಂಬಿಕೆಯ ನಾಲ್ವರು ಕೆಲಸಗಾರರನ್ನು ಹಾಸಿಗೆಯಿಂದೆಬ್ಬಿಸಿದ. ಐವರೂ ಸೇರಿ ಕಮಾನುಗಳ ನೆತ್ತಿಯಲ್ಲಿ ಜ್ಯಾಕುಗಳನ್ನು ಮತ್ತೆ ಕೂಡಿಸಿದರು. ಎಂದಾದರೂ ಬೇಕಾದೀತೆಂದು ಜ್ಯಾಕು ಕೂರುವ ಜಾಗವನ್ನು ಮುಚ್ಚದೆ ಬಿಟ್ಟಿದ್ದುದು ಅಂದು ಕೈಹಿಡಿಯಿತು. ಬೆಳಕು ಹರಿದು ಅಳತೆಯ ಕೋಲು ಕಾಣುವಷ್ಟಾದೊಡನೆ ಮೂರೂ ಕಮಾನುಗಳನ್ನು ಒಟ್ಟಿಗೆ ಎತ್ತಲು ತೊಡಗಿದರು.

ಅಂದು ಆ ಊರ ಸಂತೆ. ರೈತರ ಬಂಡಿಗಳು ಒಂದರ ಹಿಂದೊಂದು ಬರತೊಡಗಿದುವು. ನಾಲ್ಕು ನಿಮಿಷ ಜ್ಯಾಕು ತಿರುಗಿಸುವುದು, ಬಂಡಿ ಬಂದರೆ ನಿಲ್ಲಿಸಿ ದಾರಿ ಬಿಡುವುದು, ಮತ್ತೆ ತಿರುಗಿಸುವುದು. ತಾವು ದಾಟುತ್ತಿರುವ ಸೇತುವೆ ಆ ಗಳಿಗೆಯಲ್ಲಿ ಸಾವು ಬದುಕಿನ ನಡುವೆ ಇದೆಯೆಂಬ ಅರಿವು ಕೋಳಿ ತರಕಾರಿಗಳನ್ನು ಹೇರಿಕೊಂಡು ಹೋದ ಆ ಜನಕ್ಕೆ ಇದ್ದಿರಲಾರದು. ಕಮಾನುಗಳು ಮೊದಲಿನ ಎತ್ತರಕ್ಕೆ ಏರಿದುವು. ಫ್ರೇಸಿನೆ ನೆತ್ತಿಯ ಕೀಲುಗಳನ್ನು ಕಾಂಕ್ರೀಟಿನಿಂದ ಶಾಶ್ವತವಾಗಿ ಮುಚ್ಚಿಸಿದ. ಸೇತುವೆಯ ಕಾಯಿಲೆ ಅಲ್ಲಿಗೆ ವಾಸಿಯಾಯಿತು. ಎರಡನೆಯ ಮಹಾಯುದ್ಧದಲ್ಲಿ ಅದನ್ನು ಉರುಳಿಸುವವರೆಗೆ ಅದು ನೆಟ್ಟಗೆ ನಿಂತಿತ್ತು. ಯುದ್ಧದಲ್ಲಿ ಅವನು ಕಟ್ಟಿದ ಎಷ್ಟೋ ಕಟ್ಟಡಗಳು ಹಾಳಾದುವು. ಆದರೆ ನಿಜವಾಗಿ ದುಃಖ ಕೊಟ್ಟುದು ಲ ವೆರ್ದ್ರ್ ಸೇತುವೆಯ ನಾಶವೊಂದೇ ಎಂದು ಮುಪ್ಪಿನಲ್ಲಿ ಅವನು ಹೇಳಿಕೊಂಡಿದ್ದಾನೆ.

ಅಪ್ಪಣೆಯಿಲ್ಲದೆ, ರಾತ್ರೋರಾತ್ರಿ, ಜನಸಂಚಾರವನ್ನೂ ನಿಲ್ಲಿಸದೆ ಇಂಥ ಕೆಲಸ ಮಾಡಿದುದು ಸರಿಯೇ ಎಂದು ಕೇಳುವವರುಂಟು. ಸರಿಯಲ್ಲವೆಂದೇ ಹೇಳಬೇಕು. ಜ್ಯಾಕೊಂದು ಜಾರಿದ್ದರೆ ಸಂತೆಗೆ ಹೊರಟವರ ಗತಿ ಏನಾಗುತ್ತಿತ್ತು? ಕಾಂಕ್ರೀಟಿನ ಚರಿತ್ರೆ ಆ ಬೆಳಗ್ಗೆ ಬೇರೆ ದಾರಿಯನ್ನೇ ಹಿಡಿದುಬಿಡುತ್ತಿತ್ತು.

ಕಾಂಕ್ರೀಟು ಭಾರದ ಕೆಳಗೆ ವರ್ಷಗಟ್ಟಲೆ ಮೆಲ್ಲನೆ ಕುಗ್ಗುತ್ತಲೇ ಇರುತ್ತದೆ ಎಂಬ ಸತ್ಯವನ್ನು ಫ್ರೇಸಿನೆ ಅಂದು ಕಂಡ. ಆದರೆ ಎಷ್ಟು ಕುಗ್ಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಅಳೆಯಲು ಇನ್ನೂ ಹದಿನೈದು ವರ್ಷಗಳೇ ಬೇಕಾದುವು. ಅದು ನಡೆದುದು ಪಶ್ಚಿಮ ಸಮುದ್ರದ ಕರೆಯಲ್ಲಿ, ಬ್ರೆಸ್ತ್ ಪಟ್ಟಣದ ಬಳಿಯ ಪ್ಲೂಗಾಸ್ತೆಲ್‌ನಲ್ಲಿ. ಸ್ಟ್ರಾಬೆರಿ ಹಣ್ಣಿಗೆ ಹೆಸರಾದ ಆ ಊರಿಗೂ ಬ್ರೆಸ್ತಿಗೂ ನಡುವೆ ಎಲೋರ್ನ್ ನದಿ ಸಮುದ್ರಕ್ಕೆ ಸೇರುವ ಅಗಲವಾದ ಅಳಿವೆ. ಅಲ್ಲಿ ಒಂದೊಂದೂ ಸುಮಾರು 180 ಮೀಟರು ಅಗಲದ ಮೂರು ಕಾಂಕ್ರೀಟು ಕಮಾನುಗಳನ್ನು ಅವನು ನಿಲ್ಲಿಸಿದ. ಮರದ ಒಂದೇ ಸೆಂಟ್ರಿಂಗನ್ನು ದೋಣಿಗಳ ಮೇಲೆ ತೇಲಿಸಿ, ಒಂದು ಕಮಾನು ಮುಗಿದೊಡನೆ ಇನ್ನೊಂದರ ಕೆಳಗೆ ಸಾಗಿಸಿದ ರೀತಿಯನ್ನು ನೋಡಲು ಜನ ನೆರೆಯುತ್ತಿದ್ದರಂತೆ. 1930ರ ಅಕ್ಟೋಬರಿನಲ್ಲಿ ರಾಷ್ಟ್ರಾಧ್ಯಕ್ಷ ದೂಮೆರ್ಗ್ ಬಂದು ಸೇತುವೆಯ ಆರಂಭೋತ್ಸವ ನಡೆಸಿದ. ಇಂದು ಅದರ ಪಕ್ಕದಲ್ಲಿ 1994ರ ಹೊಸ ಸೇತುವೆ ಎದ್ದಿದೆ. ಹಳೆಯದರ ಮೇಲೆ ಕಾಲುನಡಿಗೆಯವರೂ ಸೈಕಲ್ಲಿನವರೂ ನಿಶ್ಚಿಂತೆಯಾಗಿ ಸಮುದ್ರದ ಗಾಳಿ ಕುಡಿಯುತ್ತ ಓಡಾಡಬಹುದು.

ಈ ಕೆಲಸದ ನಡುವೆಯೇ ಅವನು ಕಾಂಕ್ರೀಟಿನ ಕುಗ್ಗುವಿಕೆಯನ್ನು ತಾಳ್ಮೆಯಿಂದ ಅಳೆದ. ಹಳೆಯ ಒಗಟು ಬಿಡಿಸಿಹೋಯಿತು. ಲೆಕ್ಕ ಮನೆಯ ಜಮಾಖರ್ಚಿನಷ್ಟೇ ಸುಲಭವಾದುದು. ಸಾಮಾನ್ಯವಾದ ಮೆದು ಉಕ್ಕಿನ ಸರಳನ್ನು ಅದಕ್ಕೆ ತಕ್ಕಷ್ಟು ಎಳೆದರೆ ಒಂದು ಮೀಟರಿಗೆ ಮುಕ್ಕಾಲು ಮಿಲಿಮೀಟರಿನಷ್ಟು ಹಿಗ್ಗುತ್ತದೆ. ಕಾಂಕ್ರೀಟು ಒಣಗಿ ಕುಗ್ಗಿ ಮೀಟರಿಗೆ ಹೆಚ್ಚುಕಡಿಮೆ ಅಷ್ಟೇ ಗಿಡ್ಡವಾಗುತ್ತದೆ. ಎಳೆದದ್ದೆಲ್ಲ ಕುಗ್ಗಿದ್ದಕ್ಕೆ ಸರಿಹೋಯಿತು, ಕೈಯಲ್ಲಿ ಸೊನ್ನೆ. ಮೊದಲಿನವರ ಬಿಗಿತವೆಲ್ಲ ಹೋದುದು ಹೀಗೆ. ಆದರೆ ಪಿಯಾನೋ ತಂತಿಯಂಥ ಬಹು ಗಟ್ಟಿಯಾದ ಉಕ್ಕನ್ನು ಅದರ ಶಕ್ತಿಗೆ ತಕ್ಕಂತೆ ಜಗ್ಗಿದರೆ ಮೀಟರಿಗೆ ಐದು ಮಿಲಿಮೀಟರು ಹಿಗ್ಗುತ್ತದೆ. ಅದರಲ್ಲಿ ಒಂದು ಮಿಲಿಮೀಟರನ್ನು ಕಾಂಕ್ರೀಟು ತಿಂದುಹಾಕಿದರೂ ನಾಲ್ಕು ಉಳಿಯುತ್ತದೆ! 1928ರ ಅಕ್ಟೋಬರ್ 2ರಂದು ಫ್ರೇಸಿನೆ ತನ್ನ ಮಿತ್ರ ಸೆಯಾಯ್ ಜೊತೆಗೂಡಿ ಇದಕ್ಕೆ ಪೇಟೆಂಟು ಪಡೆದ.

ಆಗ ಅವನಿಗೆ ನಲವತ್ತೊಂಬತ್ತು ವರ್ಷ. ಒಳ್ಳೆಯ ಕಂಪೆನಿಯಲ್ಲಿ ದೊಡ್ಡ ಪದವಿ, ಕೀರ್ತಿ, ಹಣ ಎಲ್ಲವೂ ಇದ್ದುವು. ಅವೆಲ್ಲವನ್ನೂ ಬಿಟ್ಟು, ಮೋಂತಾರ್ಜಿ ಎಂಬ ಊರಿನಲ್ಲಿ ವಿದ್ಯುತ್ ತಂತಿಯ ಕಂಬಗಳನ್ನು ಹೊಸ ಕಾಂಕ್ರೀಟಿನಿಂದ ಮಾಡುವ ಕಾರ್ಖಾನೆಗೆ ತನ್ನ ಸ್ವಂತ ಹಣವನ್ನು ಸುರಿದ. ಕಂಬಗಳು ತೆಳ್ಳಗೆ, ಹಗುರವಾಗಿ, ಗಟ್ಟಿಯಾಗಿ ಬಂದುವು. ಕೊಳ್ಳುವವರು ಮಾತ್ರ ಬರಲಿಲ್ಲ. ಅಷ್ಟರಲ್ಲಿ ಲೋಕದ ಮೇಲೆಲ್ಲ ಆರ್ಥಿಕ ಮುಗ್ಗಟ್ಟು ಕವಿದಿತ್ತು. ಐವತ್ತು ದಾಟಿದ ವಯಸ್ಸಿನಲ್ಲಿ ಮನುಷ್ಯ ಹೆಚ್ಚುಕಡಿಮೆ ಬೀದಿಗೆ ಬಂದ. ಅವನನ್ನು ಎತ್ತಿ ನಿಲ್ಲಿಸಿದುದು ಲ ಹಾವ್ರ್ ಬಂದರು. ಅಟ್ಲಾಂಟಿಕ್ ದಾಟುವ ಹಡಗುಗಳಿಗಾಗಿ ಕಟ್ಟಿದ ಅಲ್ಲಿನ ನಿಲ್ದಾಣ ಕೆಸರಿನೊಳಕ್ಕೆ ಇಳಿಯುತ್ತಿತ್ತು. ತಜ್ಞರು ಕೈಚೆಲ್ಲಿದ್ದರು. 1934ರಲ್ಲಿ ಫ್ರೇಸಿನೆ ಅಡಿಪಾಯವನ್ನು ತನ್ನ ವಿಧಾನದಿಂದ ಬಿಗಿದು, ಅದರ ಕೆಳಗೆ ಜ್ಯಾಕುಗಳಿಂದ ಕಂಬಗಳನ್ನು ಒತ್ತಿ ಇಳಿಸಿ ಕಟ್ಟಡವನ್ನು ಉಳಿಸಿದ. ಲ ವೆರ್ದ್ರ್‌ನ ಜ್ಯಾಕು ಇಲ್ಲಿ ಮತ್ತೊಮ್ಮೆ ಮರ್ಯಾದೆ ಕಾಪಾಡಿತೆನ್ನಬಹುದು. ಆಮೇಲೆ ಕೆಲಸಕ್ಕೇನೂ ಕೊರತೆಯಾಗಲಿಲ್ಲ.

ಈಗ ಮತ್ತೆ ಲುಜಾನ್ಸಿಗೆ. ಯುದ್ಧದಲ್ಲಿ ಮಾರ್ನ್ ನದಿಯ ಸೇತುವೆಗಳು ಒಂದಾದ ಮೇಲೊಂದು ಸಿಡಿದುಹೋದುವು. ಉಕ್ಕು ಸಿಕ್ಕುತ್ತಿರಲಿಲ್ಲ, ಸೆಂಟ್ರಿಂಗಿಗೆ ಮರವೂ ದುರ್ಲಭ. ಯುದ್ಧ ಪ್ರಾರಂಭವಾದ ದಿನಗಳಲ್ಲಿಯೇ ಚಿತ್ರಿಸಿಟ್ಟಿದ್ದ ಲುಜಾನ್ಸಿಯ ಸೇತುವೆ 1946ರಲ್ಲಿ ಪೂರ್ಣವಾಯಿತು. ದಂಡೆಯ ಮೇಲೆ ಕಾಂಕ್ರೀಟಿನ ಪೆಟ್ಟಿಗೆಯಾಕಾರದ ತುಂಡುಗಳನ್ನು ಎರಕ ಹೊಯ್ದರು. ತುಂಡುಗಳಲ್ಲಿ ಉದ್ದಕ್ಕೂ ಕೊಳವೆಯ ದಾರಿ. ಹೂವನ್ನು ದಾರದಲ್ಲಿ ಪೋಣಿಸುವಂತೆ ಅವುಗಳನ್ನು ಸಾಲಾಗಿರಿಸಿ, ನಡುವಿನ ಸಂದಿಗೆ ಗಾರೆ ತುಂಬಿ, ಕೊಳವೆಯಲ್ಲಿ ತಂತಿಗಳ ಕಟ್ಟನ್ನು ಹಾಯಿಸಿ, ಜ್ಯಾಕಿನಿಂದ ಜಗ್ಗಿದರು. ಜಗ್ಗಿದ ತಂತಿ ಹಿಂದಕ್ಕೆ ಜಾರದಂತೆ ಹಿಡಿಯುವುದು ಒಂದು ಶಂಕುವಿನಾಕಾರದ ಬೆಣೆ. ತಂತಿ ಎಷ್ಟು ಹಿಂದಕ್ಕೆಳೆದರೆ ಅದು ಅಷ್ಟೂ ಬಿಗಿಯಾಗಿ ಕಚ್ಚುತ್ತದೆ. 1939ರಲ್ಲಿ ಫ್ರೇಸಿನೆ ಕಂಡುಹಿಡಿದ ಈ ಪುಟ್ಟ ಬೆಣೆಯಿಲ್ಲದಿದ್ದರೆ ಉಳಿದ ತತ್ತ್ವವೆಲ್ಲ ಕಾಗದದ ಮೇಲೆಯೇ ಉಳಿಯುತ್ತಿತ್ತು. ಹೀಗೆ ಕಟ್ಟಿದ ತೊಲೆಗಳನ್ನು ಎತ್ತರದ ಕಂಬಗಳಿಂದ ಇಳಿಬಿಟ್ಟ ಹಗ್ಗಗಳಲ್ಲಿ ತೂಗಿ ನದಿಯ ಮೇಲೆ ತಂದು ಕೂಡಿಸಿದರು. ನೀರಿನಲ್ಲಿ ಒಂದು ಮರದ ಕಂಬವನ್ನೂ ನೆಡಲಿಲ್ಲ. ಸೇತುವೆಯ ಬುಡದಲ್ಲಿ, ಕಾಂಕ್ರೀಟು ಮುಂದೆ ಕುಗ್ಗಿದರೆ ಸರಿಪಡಿಸಿಕೊಳ್ಳಲು ಅನುಕೂಲವಿರಲೆಂದು ಜ್ಯಾಕಿಗೆ ಎಡೆ ಬಿಟ್ಟರು. ಬೈಸಿಕಲ್ಲಿನ ಆ ರಾತ್ರಿಯನ್ನು ಅವನು ಮರೆತಿರಲಿಲ್ಲ.

ಇದಾದ ಮೇಲೆ ಇದೇ ನದಿಗೆ ಇನ್ನೈದು ಸೇತುವೆಗಳು ಬಂದುವು. ಆನೆ, ತ್ರಿಲ್ಬಾರ್ದು, ಎಸ್ಬ್ಲಿ, ಶಾಂಜಿ, ಉಸಿ. 1947ರಿಂದ ಮೂರು ನಾಲ್ಕು ವರ್ಷಗಳೊಳಗೆ ಐದೂ ಮುಗಿದುವು. ಒಂದೊಂದರ ಅಗಲವೂ 74 ಮೀಟರು. ನಡುವಿನ ದಪ್ಪ ಒಂದು ಮೀಟರಿಗೂ ಕಡಿಮೆ. ಲುಜಾನ್ಸಿಗಿಂತ ಇವು ಇನ್ನೂ ಕೃಶ. ಪ್ಯಾರಿಸಿನಿಂದ ಬರುವಾಗ ಕಿಟಕಿಯ ಪಕ್ಕ ಕುಳಿತ ಪ್ರಯಾಣಿಕ ಗಮನವಿಟ್ಟರೆ ಇವುಗಳಲ್ಲಿ ಒಂದೆರಡಾದರೂ ಕಣ್ಣಿಗೆ ಬೀಳಬಹುದು.

ಬೀಳದಿರುವುದು ಒಂದೇ, ಒಳಗಿನ ತಂತಿ. ಈ ವಿದ್ಯೆಯ ಹೆಮ್ಮೆಯೂ ಅಲ್ಲಿದೆ, ಆತಂಕವೂ ಅಲ್ಲಿದೆ. ತಂತಿಯನ್ನು ಜಗ್ಗಿದ ಮೇಲೆ ಕೊಳವೆಯೊಳಕ್ಕೆ ನೀರಾದ ಸಿಮೆಂಟನ್ನು ತುಂಬುವುದು ವಾಡಿಕೆ. ಅದು ಗಟ್ಟಿಯಾಗಿ ತಂತಿಯೂ ಕಾಂಕ್ರೀಟೂ ಒಂದೇ ಮೈಯಾಗುತ್ತವೆ, ತುಕ್ಕೂ ಹತ್ತಬಾರದು. ಆದರೆ ತುಂಬಿದವರು ಎಲ್ಲೋ ಒಂದು ಗೇಣು ಖಾಲಿ ಬಿಟ್ಟರೆ? ಅಲ್ಲಿಗೆ ಉಪ್ಪುನೀರು ಇಳಿದರೆ? ಹೊರಗಿನಿಂದ ಯಾರಿಗೂ ಕಾಣದು. ವೇಲ್ಸ್ ದೇಶದಲ್ಲಿ ಆಫನ್ ಹೊಳೆಗೆ 1953ರಲ್ಲಿ, ಇದೇ ಬಗೆಯಾಗಿ ತುಂಡುಗಳನ್ನು ಗಾರೆಯಿಂದ ಜೋಡಿಸಿ ಬಿಗಿದು ಕಟ್ಟಿದ್ದ ಸಣ್ಣ ಸೇತುವೆಯೊಂದು 1985ರ ಡಿಸೆಂಬರ್ 4ರಂದು ಮೇಲೆ ಒಂದು ಬಂಡಿಯೂ ಇಲ್ಲದಿದ್ದಾಗ, ಮುನ್ಸೂಚನೆಯನ್ನೇ ಕೊಡದೆ ಕುಸಿದುಬಿತ್ತು. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಎರಚಿದ ಉಪ್ಪು ಸಂದಿಗಳಲ್ಲಿ ಇಳಿದು ತಂತಿಗಳನ್ನು ತಿಂದಿತ್ತು. ಬ್ರಿಟನ್ನಿನಲ್ಲಿ 1992ರಿಂದ 1996ರವರೆಗೆ ಇಂಥ ಹೊಸ ಸೇತುವೆಗಳನ್ನೇ ಕಟ್ಟಗೊಡಲಿಲ್ಲ.

ಕನ್ನಡಿಗರಿಗೆ ಇನ್ನೂ ಹತ್ತಿರದ ನಿದರ್ಶನವಿದೆ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಮಹದಾಯಿಯಾಗಿ ಹುಟ್ಟುವ ಹೊಳೆಯೇ ಗೋವೆಯಲ್ಲಿ ಮಾಂಡವಿ. ಪಣಜಿಯಲ್ಲಿ ಅದಕ್ಕೆ 1970ರ ಸುಮಾರಿಗೆ ಕಟ್ಟಿದ ಬಿಗಿತಂತಿಯ ಕಾಂಕ್ರೀಟು ಸೇತುವೆ ಇನ್ನೂ ಎರಡು ದಶಕ ತುಂಬುವ ಮುಂಚೆಯೇ, 1986ರ ಜುಲೈ 5ರಂದು ಮಳೆಗಾಲದ ನಡುವೆ ಕುಸಿಯಿತು. ಕಡಲಗಾಳಿಯ ಉಪ್ಪಿಗೆ ಒಳಗಿನ ತಂತಿಗಳು ಬಲಿಯಾಗಿದ್ದುವು. ಹೊಸ ಸೇತುವೆ ಆಗುವವರೆಗೆ ಜನ ಮತ್ತೆ ದೋಣಿಗಾಗಿ ಕಾಯಬೇಕಾಯಿತು.

ಹಾಗಾದರೆ ತಂತಿಯನ್ನು ಕಾಂಕ್ರೀಟಿಗೆ ಅಂಟಿಸದೆ ಬಿಟ್ಟರೇನು? ಈ ಯೋಚನೆಯೂ ಹಳೆಯದೇ. ನೆಬ್ರಾಸ್ಕದ ಡಿಲ್ ಎಂಬಾತ 1920ರ ದಶಕದಲ್ಲಿಯೇ ಸರಳಿಗೆ ಲೇಪ ಬಳಿದು, ಕಾಂಕ್ರೀಟು ಹಿಡಿದುಕೊಳ್ಳದಂತೆ ಮಾಡಿ ಬಿಗಿದಿದ್ದ. ಜರ್ಮನಿಯ ಡಿಶಿಂಗರ್ ಸ್ಯಾಕ್ಸನಿಯ ಆವ್ ಎಂಬ ಊರಿನ ರೈಲುನಿಲ್ದಾಣದ ಮೇಲೆ 1937ರಲ್ಲಿ 69 ಮೀಟರು ಅಗಲದ ಸೇತುವೆಯನ್ನು ಕಟ್ಟಿ, ಸರಳುಗಳನ್ನು ಕಾಂಕ್ರೀಟಿನ ಹೊರಗೇ ಕಣ್ಣಿಗೆ ಕಾಣುವಂತೆ ಬಿಟ್ಟಿದ್ದ. ಅವನ ಉಕ್ಕು ಫ್ರೇಸಿನೆಯ ತಂತಿಯಷ್ಟು ಗಟ್ಟಿಯದಲ್ಲ, ಸೇತುವೆ ಜಗ್ಗಿತು. ಆದರೆ ಸರಳು ಹೊರಗಿದ್ದುದರಿಂದ ಮುಂದೆ ಎರಡು ಬಾರಿ ಅದನ್ನು ಮತ್ತೆ ಬಿಗಿಯಲು ಸಾಧ್ಯವಾಯಿತು. ವೀಣೆಯ ತಂತಿ ಸಡಿಲವಾದರೆ ಬಿರಡೆ ತಿರುಗಿಸಿದ ಹಾಗೆ! 1990ರ ದಶಕದಲ್ಲಿ ಕೆಡವುವವರೆಗೆ ಅದು ದುಡಿಯಿತು.

ಕಟ್ಟಡಗಳಲ್ಲಿ ಈ ಪದ್ಧತಿ ಬೇರೂರಿದುದು 1950ರ ದಶಕದ ಅಮೆರಿಕದಲ್ಲಿ. ಉಕ್ಕಿನ ಹುರಿಗೆ ಗ್ರೀಸು ಬಳಿದು, ಅದರ ಮೇಲೊಂದು ಕವಚ ತೊಡಿಸಿ, ತಾರಸಿಯ ಕಾಂಕ್ರೀಟಿನಲ್ಲಿ ಹುದುಗಿಸಿ, ಆಮೇಲೆ ತುದಿಯಿಂದ ಜಗ್ಗುತ್ತಾರೆ. ಲಂಗದ ನೇಫೆಯಲ್ಲಿ ಲಾಡಿ ಸರಿದಾಡುವಂತೆ ಹುರಿ ಒಳಗೆ ಸರಿದಾಡಬಲ್ಲುದು. ಹಿಡಿತವೆಲ್ಲ ಎರಡು ತುದಿಗಳಲ್ಲಿ. ಬೆರಳಿಗಿಂತ ಸಣ್ಣದಾದ ಒಂದೊಂದು ಹುರಿಯೂ ಸುಮಾರು 12 ಟನ್ನಿನ ಬಲದಿಂದ ತಾರಸಿಯನ್ನು ಹಿಂಡಿ ಹಿಡಿದಿರುತ್ತದೆ. ಒಂದು ಗೇಣಿಗಿಂತ ದಪ್ಪವಿಲ್ಲದ ತಾರಸಿ ಎಂಟು ಮೀಟರಿಗೂ ಹೆಚ್ಚು ದೂರ ಕಂಬವಿಲ್ಲದೆ ನಿಲ್ಲುತ್ತದೆ. ಇಂದಿನ ಬೆಂಗಳೂರಿನ ಕಚೇರಿಗಳ ಕೆಳಗೆ ಕಾರುಗಳನ್ನು ನಿಲ್ಲಿಸುವವರ ತಲೆಯ ಮೇಲೆ ಇರುವುದೂ ಎಷ್ಟೋ ಕಡೆ ತಂತಿಯನ್ನು ಹೀಗೆ ಆಮೇಲೆ ಜಗ್ಗಿ ಬಿಗಿದ ತಾರಸಿಯೇ. ಅಂಟಿಸಿದ್ದು ಎಲ್ಲಿ, ಅಂಟಿಸದ್ದು ಎಲ್ಲಿ ಎಂಬುದು ಕಟ್ಟಿದವರಿಗೆ ಗೊತ್ತು.

ಅಂಟದ ತಂತಿಗೂ ಅದರದೇ ಆದ ಜಾತಕವಿದೆ. ಮೊದಮೊದಲು ಕವಚವೆಂದರೆ ಗ್ರೀಸಿನ ಮೇಲೆ ಸುತ್ತಿದ ಕಾಗದ. ನೀರು ಒಳಹೊಕ್ಕು ತುಕ್ಕು ಹಿಡಿದ ಪ್ರಸಂಗಗಳು ಅನೇಕ. ಪ್ಲಾಸ್ಟಿಕ್ಕಿನ ಕವಚ ಬಂದ ಮೇಲೆ ಸ್ಥಿತಿ ಸುಧಾರಿಸಿತು. ಅಂಟಿಸಿದ ತಂತಿ ಒಂದೆಡೆ ತುಂಡಾದರೆ ಉಳಿದ ಉದ್ದ ತನ್ನ ಹಿಡಿತವನ್ನು ಬಿಡದು. ಅಂಟದ್ದು ಒಂದೆಡೆ ಹೋದರೆ ತುದಿಯಿಂದ ತುದಿಯವರೆಗೂ ಹೋದಂತೆಯೇ. ಗೊತ್ತಿಲ್ಲದೆ ತಾರಸಿಗೆ ರಂಧ್ರ ಕೊರೆಯಲು ಹೋಗಿ ತಂತಿ ಕತ್ತರಿಸಿದರೆ ಅದು ನೆಲವನ್ನು ಸೀಳಿಕೊಂಡು ಹೊರಕ್ಕೆ ಚಿಮ್ಮುವುದೂ ಉಂಟು. ಸೇತುವೆಗಳ ಮಟ್ಟಿಗಾದರೆ ಫ್ರಾನ್ಸ್ ದೇಶದವರು 1980ರ ದಶಕದಿಂದ ಎಷ್ಟೋ ಕಡೆ ತಂತಿಯನ್ನು ಪೆಟ್ಟಿಗೆಯ ಗೋಡೆಯೊಳಗೆ ಹುದುಗಿಸುವುದಕ್ಕೆ ಬದಲು ಪೆಟ್ಟಿಗೆಯ ಒಳಗಿನ ಖಾಲಿ ಜಾಗದಲ್ಲಿ ಎಳೆಯತೊಡಗಿದರು. ಮನುಷ್ಯ ದೀಪ ಹಿಡಿದು ಒಳಗೆ ನಡೆದುಹೋಗಬಹುದು, ಮುಟ್ಟಿ ನೋಡಬಹುದು, ಕೆಟ್ಟುದನ್ನು ಬದಲಿಸಬಹುದು. ಕಾಣದ ತಂತಿಗಿಂತ ಕಾಣುವ ತಂತಿ ಮೇಲೆಂದು ಫ್ರೇಸಿನೆಯ ನಾಡಿನವರೇ ಒಪ್ಪಿಕೊಂಡಂತಾಯಿತು. ಅದನ್ನು ನೋಡಲು ಅವನು ಇರಲಿಲ್ಲ. 1962ರ ಜೂನ್ ತಿಂಗಳಲ್ಲಿ, ಎಂಬತ್ತಮೂರು ತುಂಬಲು ಒಂದು ತಿಂಗಳಿರುವಾಗ ಅವನು ತೀರಿಕೊಂಡ.

ಲ ವೆರ್ದ್ರ್‌ಗೆ ಹೋದವರಿಗೆ ಅವನ ಸೇತುವೆ ಇಂದು ಕಾಣಸಿಗದು. ಆದರೆ ಅಲಿಯೆ ನದಿಗೆ ಅವನು ಕಟ್ಟಿದ ಮೂರರಲ್ಲಿ ಒಂದು, 1913ರ ಬೂತಿರೋಂ ಸೇತುವೆ, ಔಷಧಿಯ ಬುಗ್ಗೆಗಳಿಗೆ ಹೆಸರಾದ ವಿಷಿ ಪಟ್ಟಣದಿಂದ ಸ್ವಲ್ಪ ಕೆಳಗೆ ಹಾಗೆಯೇ ಉಳಿದಿದೆ. ಬುಗ್ಗೆಯ ನೀರು ಕುಡಿಯಲು ಬಂದವರು ಸಂಜೆ ಅಲ್ಲಿಯವರೆಗೆ ನಡೆದುಹೋಗಬಹುದು. ಅದೇ ಮೂರು ಚಪ್ಪಟೆ ಕಮಾನುಗಳು, ಕೆಳಗೆ ಅದೇ ಮರಳುದಿಬ್ಬಗಳು. ಕೈಪಿಡಿಗೋಡೆಯ ಒಂದು ತುದಿಗೆ ಕಣ್ಣಿಟ್ಟು ಉದ್ದಕ್ಕೂ ನೋಡಿದರೆ ಗೆರೆ ಎಲ್ಲಿಯೂ ತಗ್ಗಿಲ್ಲ. ಇದರ ಕಮಾನುಗಳ ನೆತ್ತಿಯಲ್ಲಿ ಕೀಲುಗಳಿಲ್ಲ. ಅವನ್ನು ಅವನು ಮೊದಲೇ ಕೈಬಿಟ್ಟಿದ್ದ.